ಹಲಗೆ ಹೊಲಿಯುವ ಹಗ್ಗ

ಹೋದ ಭಾನುವಾರ ಹಿತ್ತಲಲ್ಲಿ ಕೂತು ಎರಡು ಹಲಗೆ ಹೊಲಿದೆ. ಹೌದು, ಹೊಲಿದೆ, ಹಳೇ ಕಾಲದಲ್ಲಿ ಸಮುದ್ರದ ಹಡಗುಗಳನ್ನು ಹೊಲಿಯುತ್ತಿದ್ದ ಹಾಗೆ. ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಂಟು ಇಲ್ಲ. ಸಾಮಿಲ್‌ನಿಂದ ತಂದ ಹೆಬ್ಬಲಸಿನ ಎರಡು ತುಂಡು, ಒಂದೊಂದೂ 2 ಅಡಿ ಉದ್ದ, 1 ಇಂಚು ದಪ್ಪ. ಅಂಚಿಗೆ ಅಂಚು ಕೂಡಿಸಿ, ಎರಡೆರಡು ಇಂಚಿಗೆ ಒಂದರಂತೆ ಪ್ರತಿ ಹಲಗೆಗೂ 11 ತೂತು ಕೊರೆದು, ಸಂದಿನ ಉದ್ದಕ್ಕೂ ತೆಂಗಿನ ನಾರಿನ ಸುರುಳಿ ಇಟ್ಟು, ಅದನ್ನು ಅಮುಕಿಕೊಂಡೇ ಅದೇ ನಾರಿನ ಕತ್ತದ ಹುರಿಯಿಂದ ಮೊದಲು ಅಡ್ಡಡ್ಡ, ಆಮೇಲೆ ಓರೆಯಾಗಿ ಬಿಗಿಯುತ್ತಾ ಹೋಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಎದ್ದಾಗ ಮಧ್ಯಾಹ್ನ ಮೂರು ಗಂಟೆ. ಎರಡಡಿ ಹೊಲಿಗೆಗೆ ಆರು ಗಂಟೆ ಹಿಡಿಯಿತು.

ಒಬ್ಬರಿಂದ ಆಗುವ ಕೆಲಸವೂ ಅಲ್ಲ. ಹಲಗೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇರಲೇಬೇಕು. ಆ ಕಡೆಯವರು ತೂರಿಸಿದ ಹುರಿಯನ್ನು ಈ ಕಡೆಯವರು ಹಿಡಿದು, ಒಂದು ಗಟ್ಟಿ ಕೋಲಿಗೆ ಸುತ್ತಿ, ಕೋಲನ್ನು ಹಲಗೆಗೆ ಒತ್ತುಕೊಟ್ಟು ಮೀಟಬೇಕು. ಮೀಟಿದ ಬಿಗಿ ಸಡಿಲ ಆಗುವ ಮೊದಲೇ ಆ ಕಡೆಯವರು ತೂತಿಗೆ ಸಣ್ಣ ಬೆಣೆ ಜಡಿಯಬೇಕು. ಆ ಕಡೆ ಕೂತಿದ್ದು ಅಕ್ಕನ ಮಗ. ರಜಕ್ಕೆ ಬಂದಿದ್ದ. ಏಳನೇ ತೂತಿಗೆ ಬರುವಷ್ಟರಲ್ಲಿ "ಮಾಮ, ಇನ್ನೂ ಎಳೀಬೇಕಾ, ಕೈಯೆಲ್ಲಾ ಉರೀತೈತೆ" ಅಂದ. ನೋಡಿದರೆ ಬೆರಳ ಸಂದಿಯಲ್ಲಿ ಚರ್ಮ ಕೆಂಪಾಗಿ ಸುಲಿದಿತ್ತು. ಒಂದು ಇಡೀ ಹಡಗಿಗೆ ಹೀಗೆ ಸಾವಿರಾರು ತೂತು, ತಿಂಗಳುಗಟ್ಟಲೆ ಎಳೆದಾಟ. ಅದನ್ನು ಓದಿ ತಿಳಿಯೋದು ಒಂದು, ಹುಡುಗನ ಕೈ ನೋಡಿ ತಿಳಿಯೋದು ಇನ್ನೊಂದು.

ನಾನು ತಿಪಟೂರಿನವನು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಉಳಿದ ಹೊತ್ತಿನಲ್ಲಿ, ಈಗ ಹನ್ನೆರಡು ವರ್ಷವಾಯಿತು, ಹಳೇ ಕಾಲದ ಹಡಗುಗಳ ಬಗ್ಗೆ ಓದುತ್ತೇನೆ, ದೋಣಿ ಕಟ್ಟುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುತ್ತೇನೆ, ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಯಾವ ಯೂನಿವರ್ಸಿಟಿಗೂ ಸೇರಿದವನಲ್ಲ. "ನಮ್ಮೂರಲ್ಲಿ ಸಮುದ್ರ ಎಲ್ಲೈತೆ ಸ್ವಾಮಿ?" ಅಂತ ಕೇಳದವರೇ ಇಲ್ಲ. ನಿಜ, ಇಲ್ಲಿಂದ ಸಮುದ್ರ ನೋಡಬೇಕು ಅಂದ್ರೆ ಹಾಸನ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೇ ಹೋಗಬೇಕು. ಆದರೆ ಸಮುದ್ರದಲ್ಲಿ ಓಡಾಡಿದ ಹಡಗುಗಳನ್ನು ಸಾವಿರಾರು ವರ್ಷ ಒಟ್ಟಿಗೆ ಹಿಡಿದಿಟ್ಟಿದ್ದು ನಮ್ಮ ತೋಟದಲ್ಲಿ ದಿನಾ ಬೀಳುವ ಕಾಯಿಯ ಮಟ್ಟೆಯೊಳಗಿನ ನಾರು. ಅದು ಗೊತ್ತಾದ ದಿನದಿಂದ ನನಗೆ ಈ ವಿಷಯ ಬಿಟ್ಟು ಬೇರೆ ರುಚಿಸಿಲ್ಲ.

ಅದಕ್ಕೂ ಮೊದಲು ತಾತನ ಬಗ್ಗೆ ಹೇಳಬೇಕು.

ತಾತ ಕತ್ತದ ಹಗ್ಗ ಹೊಸೆಯುತ್ತಿದ್ದರು. ಜಗಲಿ ಮೇಲೆ ಕಾಲು ಚಾಚಿ ಕೂತು, ಪಂಚೆಯನ್ನು ತೊಡೆವರೆಗೆ ಎತ್ತಿ ಸಿಕ್ಕಿಸಿ, ಪಕ್ಕದಲ್ಲಿ ನೀರು ಚಿಮುಕಿಸಿದ ನಾರಿನ ಗುಡ್ಡೆ ಇಟ್ಟುಕೊಳ್ಳುತ್ತಿದ್ದರು. ಎರಡು ಎಳೆ ತೆಗೆದು ತೊಡೆ ಮೇಲೆ ಇಟ್ಟು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳೋದು. ಎರಡೂ ಬೇರೆಬೇರೆಯಾಗಿ ಹುರಿಗೊಳ್ಳುತ್ತವೆ. ತಕ್ಷಣ ಅದೇ ಅಂಗೈಯನ್ನು ಹಿಂದಕ್ಕೆ ಎಳೆಯೋದು. ಆಗ ಎರಡೂ ಸೇರಿ ಎದುರು ದಿಕ್ಕಿಗೆ ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಹಗ್ಗದ ಗುಟ್ಟೆಲ್ಲಾ ಈ ಎದುರುಬದುರು ತಿರುವಿನಲ್ಲೇ ಇರೋದು. ಒಂದು ಬಿಚ್ಚಿಕೊಳ್ಳೋಕೆ ಹೋದರೆ ಇನ್ನೊಂದು ಬಿಗಿಯಾಗುತ್ತೆ, ಅಲ್ವಾ, ಹಾಗಾಗಿ ಎರಡೂ ಬಿಚ್ಚಲ್ಲ. ದನದ ಕಣ್ಣಿ, ಬಾವಿ ಹಗ್ಗ, ಹುಲ್ಲು ಕಟ್ಟೋ ಹಗ್ಗ, ಎಲ್ಲಾ ಮನೆಯಲ್ಲೇ. ಎಳೆ ಮುಗಿಯುವ ಹೊತ್ತಿಗೆ ಹೊಸ ನಾರನ್ನು ಎಲ್ಲಿ ಸೇರಿಸಿದರು ಅಂತ ಎಷ್ಟು ನೋಡಿದರೂ ಕಾಣುತ್ತಿರಲಿಲ್ಲ. ನಾನು ಮಾಡಿದ ಹಗ್ಗದಲ್ಲಿ ಈಗಲೂ ಸೇರಿಸಿದ ಜಾಗ ಗಂಟಿನ ಹಾಗೆ ಉಬ್ಬಿರುತ್ತೆ.

ತಾತ ಹೋದ ಮೇಲೆ ನೈಲಾನ್ ಹಗ್ಗ ಬಂತು. ನಾವೂ ಅದನ್ನೇ ತಂದೆವು.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಮಂಡಿಯಲ್ಲಿ ಹರಾಜು ಮುಗಿದು ಸುಮ್ನೆ ಕೂತಿದ್ದಾಗ, ಕೈಗೆ ಸಿಕ್ಕ ಒಂದು ಹಳೇ ಪತ್ರಿಕೆಯಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಹತ್ತಿರ ಸಿಕ್ಕ ಮುಳುಗಿದ ಹಡಗಿನ ಕಥೆ ಓದಿದೆ. 1998ರಲ್ಲಿ ಸಿಕ್ಕಿದ್ದು. 9ನೇ ಶತಮಾನದ ಹಡಗು. ಒಳಗೆ ಚೀನಾದ ಸುಮಾರು 60,000 ಪಿಂಗಾಣಿ ಸಾಮಾನು. ಒಂದು ಬಟ್ಟಲಿನ ಮೇಲೆ 826ನೇ ಇಸವಿಗೆ ಸರಿಹೋಗುವ ತಾರೀಕು ಕೆತ್ತಿತ್ತು. ಪತ್ರಿಕೆಯವರಿಗೆ ಬಟ್ಟಲು, ಚಿನ್ನ ಇದೇ ಜಾಸ್ತಿ ಮುಖ್ಯ. ನನಗೆ ಕಣ್ಣಿಗೆ ಬಿದ್ದದ್ದು ಮಧ್ಯೆ ಎಲ್ಲೋ ಇದ್ದ ಒಂದು ಸಾಲು: ಹಡಗಿನ ಹಲಗೆಗಳಿಗೆ ಮೊಳೆಯೇ ಇಲ್ಲ, ಹಗ್ಗದಿಂದ ಹೊಲಿದಿದ್ದಾರೆ. ಅರಬ್ಬರ ಕಡೆಯ ಹಡಗು ಕಟ್ಟುವ ರೀತಿ ಅದು. ಹಗ್ಗದಲ್ಲಿ ಹೊಲಿದ ಹಡಗು ಚೀನಾದ ತನಕ ಹೋಗಿ ಸಾಮಾನು ತುಂಬಿಕೊಂಡು ಹೊರಟಿತ್ತಾ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಹುಡುಕಿದ ಹಾಗೆಲ್ಲ ಸಿಗುತ್ತಾ ಹೋಯಿತು. ಸುಮಾರು 2,000 ವರ್ಷದ ಹಿಂದೆ ಗ್ರೀಕ್ ಭಾಷೆಯಲ್ಲಿ ಒಬ್ಬ ವರ್ತಕ ಬರೆದಿಟ್ಟ ಸಮುದ್ರ ದಾರಿಯ ಕೈಪಿಡಿಯಲ್ಲೇ ಹೊಲಿದ ದೋಣಿಗಳ ಮಾತಿದೆ. 13ನೇ ಶತಮಾನದಲ್ಲಿ ವೆನಿಸ್ಸಿನ ಮಾರ್ಕೊ ಪೋಲೊ ಪರ್ಷಿಯಾ ಕಡೆಯ ಹಾರ್ಮುಜ್ ಬಂದರಿನಲ್ಲಿ ಇವನ್ನು ನೋಡಿ, ತೆಂಗಿನ ನಾರಲ್ಲಿ ಹೊಲಿದಿದ್ದಾರೆ, ಇವು ಕೆಟ್ಟ ಹಡಗುಗಳು, ಹತ್ತಿದರೆ ಅಪಾಯ ಅಂತ ಬರೆದ. ಮುಂದಿನ ಶತಮಾನದಲ್ಲಿ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರು ಎಲ್ಲಾ ಸುತ್ತಿದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಪೂರ್ತಿ ಬೇರೆ ಮಾತು ಹೇಳಿದ. ಈ ಸಮುದ್ರದಲ್ಲಿ ಬಂಡೆಗಳು ಜಾಸ್ತಿ, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆದು ಹೋಗುತ್ತೆ, ಹಗ್ಗದಲ್ಲಿ ಹೊಲಿದದ್ದು ಬಳುಕುತ್ತೆ, ಚೂರಾಗೋದಿಲ್ಲ ಅಂತ. ಮಟ್ಟೆಯನ್ನು ದಡದ ಗುಂಡಿಗಳಲ್ಲಿ ಕೊಳೆ ಹಾಕಿ, ಕೊಡತಿಯಿಂದ ಬಡಿದು, ಹೆಂಗಸರು ಅದನ್ನು ನೂಲುತ್ತಾರೆ ಅಂತಲೂ ಬರೆದಿದ್ದಾನೆ. ನಾನು ಇಬ್ನ್ ಬತೂತನ ಕಡೆಯೇ. ಮಾರ್ಕೊ ಪೋಲೊ ದಡದಲ್ಲಿ ನಿಂತು ನೋಡಿ ಹೆದರಿದ. ಇನ್ನೊಬ್ಬ ಆ ಹಡಗುಗಳಲ್ಲಿ ವರ್ಷಗಟ್ಟಲೆ ಓಡಾಡಿದ.

ಬಳುಕುತ್ತೆ ಅನ್ನೋ ಆ ಒಂದು ಮಾತನ್ನು ಹಿಡಿದುಕೊಂಡೇ ಇಷ್ಟು ವರ್ಷ ಓದಿದ್ದೇನೆ. ಮದರಾಸಿಗೆ ಬಂದರು ಕಟ್ಟುವವರೆಗೆ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಅಲೆ ಒಡೆಯುವ ಜಾಗ ದಾಟಿಸಿ ಜನರನ್ನು ದಡಕ್ಕೆ ತರುತ್ತಿದ್ದದ್ದು ಹೊಲಿದ ಮಸೂಲ ದೋಣಿಗಳು. ಇಂಗ್ಲಿಷರ ಮೊಳೆ ಹೊಡೆದ ದೋಣಿಗಳು ಅಲ್ಲಿ ತಾಳುತ್ತಿರಲಿಲ್ಲ. ಅಲೆ ಎತ್ತಿ ಕುಕ್ಕಿದಾಗ ಹಲಗೆಗಳು ಒಂಚೂರು ಅಲುಗಾಡಿ ಪೆಟ್ಟನ್ನು ಹಂಚಿಕೊಳ್ಳಬೇಕು. ಮೊಳೆಗೆ ಅದು ಬರಲ್ಲ. ಜೊತೆಗೆ ಉಪ್ಪು ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿದು, ಸುತ್ತಲಿನ ಮರವನ್ನೂ ಕೆಡಿಸುತ್ತೆ. ನಾರು ಉಪ್ಪು ನೀರಿಗೆ ಜಗ್ಗಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹೊಲಿದ ಹಡಗು ನಮ್ಮದು, ನಮ್ಮದು ಮಾತ್ರ ಅಂತ ಎದೆ ತಟ್ಟಿಕೊಳ್ಳುವ ಬರಹಗಳನ್ನು ನೋಡಿದರೆ ನನಗೆ ಬೇಜಾರಾಗುತ್ತೆ. ಒಮಾನಿನವರು ಹೊಲಿದರು, ಆಫ್ರಿಕಾದ ಲಾಮು ಕಡೆಯವರು ಮ್ಟೆಪೆ ಅನ್ನೋ ಹಡಗು ಹೊಲಿದರು, ಮಾಲ್ಡೀವ್ಸ್, ಶ್ರೀಲಂಕಾ, ಲಕ್ಷದ್ವೀಪ, ನಮ್ಮ ಎರಡೂ ಕರಾವಳಿ, ಎಲ್ಲರೂ ಹೊಲಿದರು. ಮರ ಒಂದು ದಡದ್ದು, ನಾರು ಇನ್ನೊಂದು ದಡದ್ದು, ಹೊಲಿಯುವ ಕೈ ಮತ್ತೊಂದು ದಡದ್ದು. ಅದು ಇಡೀ ಸಮುದ್ರದ ವಿದ್ಯೆ. ನಮ್ಮ ಪಾಲು ಅದರಲ್ಲಿ ದೊಡ್ಡದು, ಅಷ್ಟು ಹೇಳಿದರೆ ಸಾಕಲ್ವಾ?

1980ರಲ್ಲಿ ಟಿಮ್ ಸೆವೆರಿನ್ ಅನ್ನುವವರು ಒಮಾನಿನ ಸೂರ್‌ನಲ್ಲಿ ಸೊಹಾರ್ ಅಂತ ಒಂದು ಹಡಗು ಕಟ್ಟಿಸಿ ಚೀನಾದ ಗ್ವಾಂಗ್‌ಝೌ ತನಕ ಹೋದರಲ್ಲ, ಅದರ ಮರ ಹೋದದ್ದು ಮಲಬಾರಿನಿಂದ. ಹೊಲಿದವರು ಲಕ್ಷದ್ವೀಪದ ಅಗತ್ತಿಯವರು. ಹಿಡಿದ ಹಗ್ಗ ಸುಮಾರು 640 ಕಿಲೋಮೀಟರ್. ಬೆಂಗಳೂರಿನಿಂದ ಬೀದರ್‌ ಕಡೆಗೆ ಹಗ್ಗ ಎಳೆಯುತ್ತಾ ಹೋದರೆ ಹತ್ತಿರ ಹತ್ತಿರ ಮುಟ್ಟಿಯೇ ಬಿಡುತ್ತೆ. ಒಂದು ಹಡಗಿಗೆ ಅಷ್ಟು! ಅಷ್ಟನ್ನೂ ಯಾರೋ ಕೈಯಲ್ಲಿ ಹುರಿ ಮಾಡಿದ್ದಾರೆ. ಹಡಗಿನ ಇತಿಹಾಸ ಬರೆಯುವವರು ನಾವಿಕನ ಹೆಸರು ಬರೆಯುತ್ತಾರೆ, ರಾಜನ ಹೆಸರು ಬರೆಯುತ್ತಾರೆ, ಮರದ ಜಾತಿಯನ್ನೂ ಬರೆಯುತ್ತಾರೆ. ಹಗ್ಗ ಹೊಸೆದವರ ಬಗ್ಗೆ ಒಂದು ಪುಟ ಸಿಗೋದಿಲ್ಲ. ನಾನು ಮಾಡಬೇಕು ಅಂದುಕೊಂಡಿರುವ ಕೆಲಸ ಇಷ್ಟೇ, ಆ ಪುಟವನ್ನು ಬರೆಯೋದು.

ಈಚೆಗೆ ಕೌಂಡಿನ್ಯ ಹಡಗಿನ ಸುದ್ದಿ ಬಂದಾಗ ಊರಲ್ಲಿ ಎಷ್ಟೋ ಜನ ನನಗೆ ಫೋನ್ ಮಾಡಿದರು. ಅಜಂತಾದ ಗುಹೆಯ ಒಂದು ಚಿತ್ರವನ್ನು ನೋಡಿಕೊಂಡು ಗೋವಾದಲ್ಲಿ ಕಟ್ಟಿದ ಹೊಲಿದ ಹಡಗು ಅದು. ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ಕೈಯಾರೆ ಹೊಲಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದೇ ವರ್ಷ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು, ಎಂಜಿನ್ ಇಲ್ಲದೆ ಗಾಳಿಯಲ್ಲೇ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ. ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ದಿನಾ ನೋಡುವ ಗಂಡಭೇರುಂಡವನ್ನು ಗಾಳಿ ತುಂಬಿದ ಹಾಯಿಯ ಮೇಲೆ ನೋಡಿ ಗಂಟಲು ಕಟ್ಟಿತು. ಆದರೆ ನಾನು ಆ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದು ಹಲಗೆಯ ಸಂದುಗಳನ್ನು. ಯಾವ ಕೋನದಲ್ಲಿ ಹುರಿ ದಾಟಿದೆ, ತೂತಿನ ಮಧ್ಯೆ ಎಷ್ಟು ಅಂತರ ಬಿಟ್ಟಿದ್ದಾರೆ ಅಂತ.

ಹೊರಗಿನವನಾಗಿ ಓದುವ ಕಷ್ಟ ಇದ್ದೇ ಇದೆ. ಒಂದು ಸಲ ಒಂದು ದೊಡ್ಡ ಸಂಸ್ಥೆಯ ಲೈಬ್ರರಿಗೆ ಹೋಗಿದ್ದೆ. ಮೊದಲೇ ಪತ್ರ ಬರೆದಿದ್ದೆ, ಉತ್ತರ ಬಂದಿರಲಿಲ್ಲ. ಮಂಡಿಗೆ ರಜ ಹಾಕಿ, ನಸುಕಿನ ರೈಲು ಹಿಡಿದು ಹೋದೆ. ಕೌಂಟರಿನಲ್ಲಿ ಯಾವ ಯೂನಿವರ್ಸಿಟಿ ಅಂದರು. ಇಲ್ಲ ಅಂದೆ. ಗೈಡ್ ಲೆಟರ್ ಅಂದರು. ಅದೂ ಇಲ್ಲ. ಹಾಗಾದ್ರೆ ಆಗಲ್ಲ ಸಾರ್ ಅಂತ ಮುಂದಿನವರನ್ನು ಕರೆದರು. ನನಗೆ ಬೇಕಾಗಿದ್ದದ್ದು ಒಂದೇ ಪುಸ್ತಕದ ನಾಲ್ಕು ಪುಟ. ಹೊರಗೆ ಮೆಟ್ಟಿಲ ಮೇಲೆ ಕೂತು ಹೆಂಡತಿ ಕಟ್ಟಿಕೊಟ್ಟ ಚಪಾತಿ ತಿಂದು ವಾಪಸ್ ಬಂದೆ. ಆ ದಿನದ ನೋವು ಈಗಲೂ ಇದೆ. ಪುಸ್ತಕ ಓದಲು ಬಂದವರನ್ನು ಹಾಗೆ ಕಳಿಸಬಾರದು.

ಒಳ್ಳೇದೂ ಇದೆ. ಹಳೇ ಗೆಜೆಟಿಯರ್‌ಗಳು, ಶಾಸನ ಸಂಪುಟಗಳು ಈಗ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ದುಡ್ಡು ಕೊಟ್ಟರಷ್ಟೇ ತೆರೆಯುವ ಲೇಖನ ಬೇಕಾದಾಗ ಬರೆದವರಿಗೇ ನೇರವಾಗಿ ಮೇಲ್ ಮಾಡುತ್ತೇನೆ. ಮುಕ್ಕಾಲು ಪಾಲು ಜನ ಸಂತೋಷದಿಂದ ಕಳಿಸಿಕೊಡುತ್ತಾರೆ, ಕೆಲವರು ನಿಮ್ಮ ಹಗ್ಗದ ಫೋಟೋ ಕಳಿಸಿ ಅಂತ ಕೇಳಿದ್ದೂ ಇದೆ. ನಮ್ಮ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಬಿ. ಎಲ್. ರೈಸ್ ಅವರು 1904ರಲ್ಲೇ ಅಚ್ಚು ಹಾಕಿಸಿದ್ದಾರೆ, ಕೋಲಾರದ್ದು 1905ರಲ್ಲಿ. ಎರಡನ್ನೂ ತಿರುವಿ ಹಾಕಿದ್ದೇನೆ. ತುಂಬ ಇರೋದು ಕೆರೆ, ತೂಬು, ಗದ್ದೆ, ಮತ್ತೆ ದನ ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು. ಗೋವಾಕ್ಕೆ ಹೋದರೆ, ಮುಂಬೈ ಹತ್ತಿರದ ಬೋರಿವಲಿಗೆ ಹೋದರೆ, ಅದೇ ಥರದ ವೀರಗಲ್ಲಿನ ಮೇಲೆ ಹಡಗುಗಳು ಇವೆ, ಸಾಲಾಗಿ ಹುಟ್ಟು ಹಾಕುವ ಜನ ಇದ್ದಾರೆ. ಕಲ್ಲು ಕೆತ್ತುವ ರೀತಿ ಒಂದೇ, ಕೆಳಗೆ ಕಾಳಗ, ಮೇಲೆ ಸ್ವರ್ಗ. ಇಲ್ಲಿ ದನ ಇದ್ದ ಜಾಗದಲ್ಲಿ ಅಲ್ಲಿ ಹಡಗು.

ಹಾಗಂತ ಒಳನಾಡಿನವರಿಗೆ ಸಮುದ್ರ ಗೊತ್ತಿರಲಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘ ಹುಟ್ಟಿದ್ದು ಐಹೊಳೆಯಲ್ಲಿ. ಅಲ್ಲಿರೋದು ಮಲಪ್ರಭೆ, ಸಮುದ್ರ ಅಲ್ಲ. ಅದೇ ಐನೂರ್ವರ ಹೆಸರಿನ ತಮಿಳು ಶಾಸನ, 1088ನೇ ಇಸವಿಯದು, ಸುಮಾತ್ರಾದ ಬಾರುಸ್ ಹತ್ತಿರ ಸಿಕ್ಕಿದೆ. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, 1763ರಲ್ಲಿ ಬಿದನೂರು ಗೆದ್ದು ಕರಾವಳಿ ಕೈಗೆ ಬಂದ ಕೂಡಲೇ ಹಡಗು ಕಟ್ಟಿಸೋಕೆ ಹೊರಟ.

ಓದಿದ್ದಕ್ಕಿಂತ ಜಾಸ್ತಿ ಕಲಿತದ್ದು ಹೊನ್ನಾವರದ ಹತ್ತಿರ ಶರಾವತಿ ಸಮುದ್ರ ಸೇರುವ ಕಡೆ ಒಬ್ಬ ಹಿರಿಯರ ಮನೆಯಲ್ಲಿ. ಎಂಬತ್ತರ ಹತ್ತಿರದ ವಯಸ್ಸು. ಹಿಂದೆ ರಂಪಣಿ ದೋಣಿ ಕಟ್ಟುತ್ತಿದ್ದವರು. ರಂಪಣಿ ಅಂದ್ರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ದೊಡ್ಡ ಬಲೆ. ಆ ಬಲೆ ಹಾಕಿಕೊಂಡು ಹೋಗುತ್ತಿದ್ದ ಉದ್ದನೆ ದೋಣಿಗಳ ಹಲಗೆಗಳನ್ನು ನಾರಿನ ಹಗ್ಗದಲ್ಲೇ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ಬೋಟುಗಳು ಬಂದವು, ರಂಪಣಿ ನಿಂತಿತು, ದೋಣಿ ಹೊಲಿಯುವವರ ಕೈಗೆ ಕೆಲಸ ಇಲ್ಲದಾಯಿತು.

"ಯಾವ ಊರಾಯ್ತು ನಿಮ್ದು?" ಅಂದರು. ತಿಪಟೂರು ಅಂದೆ. "ಕೊಬ್ಬರಿ ಊರು" ಅಂದರು, ಖುಷಿಯಾಗಿ ಒಳಗೆ ಕರೆದರು.

ಹಿತ್ತಲಲ್ಲಿ ತೆಂಗಿನ ಗರಿ ಹೊದಿಸಿದ ಮಾಡಿನ ಕೆಳಗೆ ಒಂದು ದೋಣಿಯ ಅರ್ಧ ಭಾಗ ಉಳಿದಿತ್ತು. ಮರ ಬೂದು ಬಣ್ಣಕ್ಕೆ ತಿರುಗಿತ್ತು. ನಾನು ಒಳಗೆ ಕೈ ಹಾಕಿ ಸಂದಿನ ಮೇಲೆ ಬೆರಳು ಆಡಿಸಿದೆ. ನಾರಿನ ಸುರುಳಿ ಒಣಗಿ ಕಲ್ಲಿನ ಹಾಗಾಗಿತ್ತು, ಮೇಲೆ ಮೀನೆಣ್ಣೆ ಮತ್ತು ರಾಳದ ಕಪ್ಪು ಪದರ ಇನ್ನೂ ಜಿಗುಟಾಗಿತ್ತು. ಮೂಗಿಗೆ ಹತ್ತಿರ ತಂದರೆ ಆ ವಾಸನೆ ಇನ್ನೂ ಇದೆ. ಅವರು ಕೋಲೂರಿಕೊಂಡು ಬಂದು, ಒಂದು ಹೊಲಿಗೆಯ ಹುರಿಯನ್ನು ಉಗುರಿನಿಂದ ಮೀಟಿದರು. ಟಪ್ ಅಂತ ಮಂಕಾದ ಸದ್ದು. "ಇದು ಸತ್ತದ್ದು" ಅಂದರು. ಹೊಸದಾಗಿ ಹೊಲಿದಾಗ ಹೀಗೆ ಮೀಟಿದರೆ ತಂತಿ ಮೀಟಿದ ಹಾಗೆ ಸದ್ದು ಬರಬೇಕಂತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಲ್ಲಾ ಹೊಲಿಗೆಯನ್ನೂ ಮೀಟುತ್ತಾ ಹೋಗೋದು, ಸದ್ದು ಇಳಿದ ಕಡೆ ಬಿಚ್ಚಿ ಮತ್ತೆ ಹೊಲಿಯೋದು. ಅಳತೆಪಟ್ಟಿ ಹಿಡಿದು ಹೋಗಿದ್ದ ನಾನು ಅದನ್ನು ಚೀಲದೊಳಗೆ ಇಟ್ಟು, ಕಿವಿ ಕೊಟ್ಟು ಕೂತೆ. ಈ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಎಲ್ಲಾ ಹಗ್ಗವನ್ನೂ ಒಂದೆರಡು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಹೊಲಿಯುತ್ತಿದ್ದರಂತೆ. ಹಲಗೆ ಅವೇ. ಒಂದು ದೋಣಿ ಹಳತಾದರೆ ಅದರ ಗಟ್ಟಿ ಹಲಗೆಗಳು ಬೇರೆ ದೋಣಿಗೆ ಹೋಗುತ್ತಿದ್ದವು. ಮೊಳೆ ಹೊಡೆದ ಹಲಗೆಯನ್ನು ಹಾಗೆ ಬಿಡಿಸಿಕೊಳ್ಳೋದು ಕಷ್ಟ.

ಹೊರಡುವಾಗ ನಾನು ಒಯ್ದಿದ್ದ ನಮ್ಮ ತಿಪಟೂರಿನ ಹಗ್ಗವನ್ನು ತೋರಿಸಿದೆ. ಅವರು ಅದನ್ನು ಬಗ್ಗಿಸಿದರು, ಒಂದು ಎಳೆ ಬಿಚ್ಚಿ ಹಲ್ಲಲ್ಲಿ ಕಚ್ಚಿದರು, ವಾಪಸ್ ಕೊಟ್ಟರು. "ಇದು ದನ ಕಟ್ಲಿಕ್ಕೆ ಅಡ್ಡಿಲ್ಲ" ಅಂದರು. "ದೋಣಿಗೆ ಆಗೂದಿಲ್ಲ."

ನನಗೆ ಆಗ ಬೇಸರವಾಯಿತು, ಆದರೆ ಕಾರಣ ಸರಿಯಾಗಿಯೇ ಇದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋಕೆ ಪೂರ್ತಿ ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಅನ್ನಬೇಕು. ಅಷ್ಟೊತ್ತಿಗೆ ಮಟ್ಟೆ ಒಣಗಿ ಕಂದು ಬಣ್ಣಕ್ಕೆ ಬಂದಿರುತ್ತೆ. ಅದರ ನಾರು ದಪ್ಪ, ಒರಟು. ಗಟ್ಟಿ ಇದೆ, ಆದರೆ ಬಳುಕಲ್ಲ. ಅದೂ ಈಗ ಫ್ಯಾಕ್ಟರಿಯಲ್ಲಿ ಮೆಷಿನ್‌ಗೆ ಕೊಟ್ಟು ಬಿಡಿಸಿದ್ದು, ಎಳೆಗಳು ತುಂಡಾಗಿರುತ್ತವೆ. ದೋಣಿಗೆ ಬೇಕಾದದ್ದು ಹತ್ತು ಹನ್ನೊಂದು ತಿಂಗಳಿನ, ಸಿಪ್ಪೆ ಇನ್ನೂ ಹಸಿರಾಗಿರುವ ಕಾಯಿಯ ಮಟ್ಟೆ. ಅದನ್ನು ಹಿನ್ನೀರಿನಲ್ಲಿ ಆರೇಳು ತಿಂಗಳು ಮುಳುಗಿಸಿಟ್ಟರೆ ನಾರಿನ ಮಧ್ಯದ ಮೆದು ಭಾಗ ಕೊಳೆತು ಹೋಗಿ, ಕೊಡತಿಯಲ್ಲಿ ಬಡಿದಾಗ ಉದ್ದುದ್ದ ಬಿಳಿ ನಾರು ಬಿಟ್ಟುಕೊಳ್ಳುತ್ತೆ. ಒಂದೇ ಮರದ ಒಂದೇ ಕಾಯಿ. ಯಾವಾಗ ಕಿತ್ತಿರಿ, ಎಷ್ಟು ದಿನ ನೀರಲ್ಲಿ ಇಟ್ಟಿರಿ ಅನ್ನೋದರ ಮೇಲೆ ಅದು ಹಡಗಿಗೋ ದನದ ಕೊರಳಿಗೋ ಅಂತ ತೀರ್ಮಾನ.

ಆ ಮಾತು ಕೇಳಿ ಬಂದ ಮೇಲೆ ನಮ್ಮ ಕೆರೆಯ ಕಡೆಗೂ ಸರಿಯಾಗಿ ಕಣ್ಣು ಹಾಯಿಸಿದೆ. ಅಲ್ಲಿಯ ತನಕ ನಾನೂ ತೆಪ್ಪವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆ ದಾಟಲು ಬುಟ್ಟಿಯ ಹಾಗೆ ದುಂಡಗಿನ ದೋಣಿ ಇದೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತು ಕೂಡ ದಾಟುತ್ತವೆ, ಯಾವಾಗಲೂ ಸುತ್ತುತ್ತಲೇ ಇರುತ್ತೆ ಅಂತ ಬರೆದಿದ್ದಾನೆ. ಈ ರಾಜ್ಯದಲ್ಲಿ ಹೊಳೆ ಇರುವ ಕಡೆಯೆಲ್ಲ ಇದು ಬಿಟ್ಟರೆ ಬೇರೆ ದೋಣಿಯೇ ಇಲ್ಲ ಅಂತಲೂ ಅಂದಿದ್ದಾನೆ. ಅದೇ ಹರಿಗೋಲು. ನಮ್ಮ ಕಡೆ ತೆಪ್ಪ ಅಂತೀವಿ. ಇರಾಕಿನಲ್ಲಿ ಕುಫ್ಫ ಅಂತ ಇತ್ತು, ಅದಕ್ಕೆ ಹೊರಗೆ ಬಳಿಯುತ್ತಿದ್ದದ್ದು ನೆಲದಿಂದ ಬರುವ ಡಾಂಬರು. ವಿಯೆಟ್ನಾಮಿನವರು ಬಿದಿರು ಬುಟ್ಟಿಗೆ ಸಗಣಿ ಮತ್ತು ಮರದ ರಾಳ ಮೆತ್ತಿ ಸಮುದ್ರಕ್ಕೇ ಇಳಿಯುತ್ತಾರೆ.

ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಒಬ್ಬ ಅಣ್ಣ ತೆಪ್ಪ ಕಟ್ಟುವಾಗ ಎರಡು ದಿನ ಪಕ್ಕದಲ್ಲೇ ಕೂತು ನೋಡಿದೆ. ಬಿದಿರು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ನಕ್ಷತ್ರದ ಹಾಗೆ ಹರಡಿ, ನಡುವೆ ಹೆಣೆಯುತ್ತಾ ಬಂದು, ಅಗಲ ಸಾಕು ಅನ್ನಿಸಿದಾಗ ಮಧ್ಯಕ್ಕೆ ನಾಲ್ಕು ಗುಂಡುಕಲ್ಲು ಹೇರಿ, ದಬ್ಬೆಗಳನ್ನು ಸುತ್ತಲೂ ಮೇಲಕ್ಕೆ ಬಗ್ಗಿಸಿದರು. ಅಂಚಿಗೆ ದಪ್ಪ ಬಿದಿರಿನ ಬಳೆ. ಹೊರಗೆ ಚರ್ಮದ ಬದಲು ಗೊಬ್ಬರದ ಚೀಲ ಹೊಲಿದು ಟಾರು ಬಳಿದರು. ನಾನು ಅಳೆದೆ: ಅಡ್ಡಗಲ 6 ಅಡಿ 3 ಇಂಚು, ಆಳ 1 ಅಡಿ 7 ಇಂಚು. "ಯಾಕಣ್ಣ ಇಷ್ಟೇ ಅಗಲ?" ಅಂದೆ. ತಲೆ ಮೇಲೆ ಕವುಚಿಕೊಂಡು ಕೆರೆಯಿಂದ ಮನೆಗೆ ಒಬ್ಬನೇ ಹೊತ್ತುಕೊಂಡು ಹೋಗೋಕೆ ಆಗಬೇಕಲ್ಲ ಅಂದರು. ಎಷ್ಟು ಸರಿಯಾದ ಉತ್ತರ! ಮದರಾಸು ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ನೂರು ವರ್ಷದ ಹಿಂದೆ ಹೀಗೇ ದಡದಿಂದ ದಡಕ್ಕೆ ಹೋಗಿ ದಕ್ಷಿಣ ಭಾರತದ ದೋಣಿ, ಹರಿಗೋಲು ಎಲ್ಲದರ ವಿವರ ಬರೆದಿಟ್ಟರು. ಅವರ ಕೆಲಸ ಮೀನಿನದು, ದೋಣಿ ಪಕ್ಕದ ಆಸಕ್ತಿ. ಇವತ್ತು ನಮಗೆ ಉಳಿದಿರೋದು ಅವರ ಆ ಪಕ್ಕದ ಆಸಕ್ತಿ.

ಭಾನುವಾರದ ಹೊಲಿಗೆಗೆ ಬರ್ತೀನಿ. ಹೊಲಿದ ಹಲಗೆಯನ್ನು ತಳ ಮಾಡಿ, ಸುತ್ತ ನಾಲ್ಕು ಪಟ್ಟಿ ಕೂಡಿಸಿ ಒಂದು ತಟ್ಟೆಯ ಹಾಗೆ ಮಾಡಿಕೊಂಡೆ. ಗ್ರಂಥಿಗೆ ಅಂಗಡಿಯಿಂದ ರಾಳ ತಂದು, ಮೀನೆಣ್ಣೆ ಸಿಗದೆ ಹೊಂಗೆ ಎಣ್ಣೆಯಲ್ಲೇ ಕಾಯಿಸಿ, ನಾರಿನ ಚೂರಿನ ಜೊತೆ ತೂತುಗಳಿಗೆ ತುರುಕಿದೆ. ನೀರು ತುಂಬಿಸಿ, ಕೆಳಗೆ ಸ್ಟೀಲ್ ಪಾತ್ರೆ ಇಟ್ಟೆ. ಮೊದಲನೇ ಗಂಟೆಯಲ್ಲಿ ಒಂದೂವರೆ ಲೋಟ ನೀರು ಸೋರಿತು. ಅಕ್ಕನ ಮಗ ಮುಖ ಸಣ್ಣ ಮಾಡಿಕೊಂಡ. ಒಳಗಿಂದ ಅಪ್ಪ ಬಂದು ನೋಡಿ, "ಗಾಡಿ ಚಕ್ರ ಕೆರೆಗೆ ಹಾಕ್ತಿರಲಿಲ್ವೇನೋ, ಹಂಗೇ ಬಿಡು" ಅಂದರು. ಬೇಸಿಗೆಯಲ್ಲಿ ಮರ ಒಣಗಿ ಗಾಡಿ ಚಕ್ರದ ಕೀಲುಗಳು ಸಡಿಲ ಆದಾಗ ಕೆರೆ ನೀರಲ್ಲಿ ಮಲಗಿಸಿ ಬರುತ್ತಿದ್ದೆವು, ಮರ ಊದಿಕೊಂಡು ತಾನೇ ಬಿಗಿಯಾಗುತ್ತಿತ್ತು. ರಾತ್ರಿ ಮೂರು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ. ಹತ್ತು ಗಂಟೆಗೆ ಹನಿ ಹನಿ. ಎರಡು ಗಂಟೆಗೆ ಎಣಿಸುವಷ್ಟು ನಿಧಾನ. ಬೆಳಿಗ್ಗೆ ಐದಕ್ಕೆ ಪಾತ್ರೆ ಬರಿದು ಮಾಡಿ ಒರೆಸಿ ಇಟ್ಟೆ, ಏಳಕ್ಕೆ ನೋಡಿದಾಗಲೂ ಒಣಗಿಯೇ ಇತ್ತು. ಅಪ್ಪನನ್ನು ಕರೆದು ತೋರಿಸಿದೆ. ಅವರು ಪಾತ್ರೆಯೊಳಗೆ ಬೆರಳಾಡಿಸಿ ನೋಡಿ, ಒಂದು ಸಲ ನನ್ನ ಭುಜ ತಟ್ಟಿ ತೋಟಕ್ಕೆ ಹೋದರು.

ಹೊಲಿಗೆಯ ಹುರಿಯನ್ನು ಉಗುರಿನಿಂದ ಮೀಟಿಯೂ ನೋಡಿದೆ. ಹನ್ನೊಂದರಲ್ಲಿ ನಾಲ್ಕು ಮಾತ್ರ ಸರಿಯಾಗಿ ಸದ್ದು ಕೊಟ್ಟವು. ಉಳಿದವು ಮಂಕು. ದನ ಕಟ್ಟುವ ಹಗ್ಗ ತಾನೇ.

ಅದಕ್ಕೇ ಕಾರ್ತಿಕದಲ್ಲಿ ಅಪ್ಪನ ಹತ್ತಿರ ನಲವತ್ತು ಕಾಯಿ ಕೇಳಿದ್ದೆ, ಹಸಿರು ಸಿಪ್ಪೆಯವು. "ಬಲೀದೇ ಇರೋ ಕಾಯಿ ಕೀಳ್ತಾರೇನೋ, ಕೊಬ್ಬರಿಗೆ ಈ ರೇಟ್ ಇರೋವಾಗ" ಅಂತ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ಆಳು ಕರೆಸಿ ಕೀಳಿಸಿದರು. ಮಟ್ಟೆಯನ್ನು ಹಳೇ ಮೀನಿನ ಬಲೆಯಲ್ಲಿ ಕಟ್ಟಿ, ಮೇಲೆ ಚಪ್ಪಡಿ ಕಲ್ಲು ಹೇರಿ, ತೋಟದ ಮೂಲೆಯ ಹೊಂಡದಲ್ಲಿ ಮುಳುಗಿಸಿದ್ದೇನೆ. ಹಿನ್ನೀರಿನ ಉಪ್ಪು ಅದಕ್ಕೆ ಸಿಗಲ್ಲ, ಸಿಹಿ ನೀರಲ್ಲಿ ಎಷ್ಟು ತಿಂಗಳು ಬೇಕಾಗುತ್ತೋ ನೋಡಬೇಕು. ನಿನ್ನೆ ಸಂಜೆ ಒಂದನ್ನು ತೆಗೆದು ಕೊಡತಿಯಲ್ಲಿ ಬಡಿದೆ. ಕೊಳೆತ ಮೊಟ್ಟೆಯ ವಾಸನೆ ಶುರುವಾಗಿದೆ. ಹೊರಗಿನ ನಾರು ಒಂದು ಗೇಣು ಉದ್ದಕ್ಕೆ ಬಿಟ್ಟುಕೊಂಡಿತು, ಒಳಗಿನದು ಇನ್ನೂ ಗಟ್ಟಿ. ಮತ್ತೆ ಬಲೆಗೆ ಸೇರಿಸಿ ಕಲ್ಲು ಹೇರಿ ಬಂದೆ.